ಬೆಕ್ಕಿಗೂ ಮುಪ್ಪು ಬರುತ್ತದೆ

ಬೆಕ್ಕು ವಾಂತಿ ಮಾಡಿತೆಂಬುದು ನಮ್ಮ ಮನೆಗಳಲ್ಲಿ ಒಂದು ವಾರ್ತೆಯೇ ಅಲ್ಲ. ಹಿತ್ತಿಲಿಗೆ ಹೋಗಿ ನಾಲ್ಕು ಎಳೆ ಗರಿಕೆ ಮೆಲ್ಲುತ್ತದೆ. ಒಳಗೆ ಬಂದು ನಡುಮನೆಯ ನಟ್ಟನಡುವೆ, ಅದೂ ಆಗತಾನೆ ಒರಸಿದ ನೆಲವನ್ನೇ ಆರಿಸಿಕೊಂಡು, ಹೊಟ್ಟೆಯನ್ನು ಮೂರು ಬಾರಿ ಹಿಂಡಿ ಕಕ್ಕುತ್ತದೆ. ಮರುಗಳಿಗೆಯಲ್ಲಿ ಏನೂ ನಡೆಯಲಿಲ್ಲವೆಂಬಂತೆ ಕಿಟಕಿಯ ಕಟ್ಟೆಯ ಮೇಲೆ ಕುಳಿತು ಮೋರೆ ತೊಳೆಯುತ್ತಿರುತ್ತದೆ. ಮನೆಯಾಕೆ ಗೊಣಗುತ್ತ ಬಟ್ಟೆ ತರುತ್ತಾರೆ. ಪ್ರಕರಣ ಅಲ್ಲಿಗೆ ಮುಕ್ತಾಯ. ಆದರೆ ಅದೇ ಬೆಕ್ಕಿಗೆ ಹನ್ನೆರಡು ವರ್ಷ ತುಂಬಿ, ತಿಂಗಳಿಗೊಮ್ಮೆ ಆಗುತ್ತಿದ್ದ ವಾಂತಿ ವಾರಕ್ಕೆ ಎರಡಾಗಿ, ತಟ್ಟೆಯ ಬಳಿಗೆ ಬಂದು ಮೂಸಿ ಹಿಂದಿರುಗುವ ದಿನಗಳು ಬಂದಾಗ, ‘ಬೆಕ್ಕು ಕಕ್ಕುವುದು ಸಹಜ’ ಎಂಬ ಹಳೆಯ ಸಮಾಧಾನ ಸಾಲದಾಗುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ಮನೆಗಳಲ್ಲಿ ಬೆಕ್ಕು ಬಂದು ಸೇರಿದ್ದು ಪ್ರೀತಿಯಿಂದಲ್ಲ, ಉದ್ಯೋಗದಿಂದ. ಚನ್ನಗಿರಿಯ ಕಡೆ ಅಡಿಕೆಯ ಮೂಟೆ, ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಭತ್ತದ ಮೂಟೆ, ನ್ಯಾಮತಿ ಜಗಳೂರುಗಳಲ್ಲಿ ಮೆಕ್ಕೆಜೋಳದ ರಾಶಿ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಳೆಯ ಹೆಂಚಿನ ಮನೆಯಲ್ಲಿ ಅದು ಅಟ್ಟದ ಒಡೆಯ. ರಾತ್ರಿಯೆಲ್ಲ ಮಾಡಿನ ಮೇಲೆ ಅದರದೇ ರಾಜ್ಯ. ಅಂಥ ಬೆಕ್ಕುಗಳಿಗೆ ಮುಪ್ಪು ಬರುತ್ತಿದ್ದುದೇ ಅಪರೂಪ. ಬೀದಿನಾಯಿ, ಲಾರಿಯ ಚಕ್ರ, ಇಲಿಪಾಷಾಣ ತಿಂದ ಇಲಿ, ಮರಿಗಳನ್ನು ಸಾಲುಸಾಲಾಗಿ ಒಯ್ಯುವ ಸೋಂಕುಗಳು, ಇವುಗಳಲ್ಲಿ ಯಾವುದಾದರೂ ಒಂದು ಅದಕ್ಕಿಂತ ಮುಂಚೆಯೇ ಲೆಕ್ಕ ತೀರಿಸುತ್ತಿತ್ತು. ಈಗ ತಾರಸಿಯ ಮನೆ ಬಂದಿದೆ, ಕಿಟಕಿಗೆ ಜಾಲರಿ ಬಂದಿದೆ; ಬೆಕ್ಕು ಒಳಗೇ ಹುಟ್ಟಿ ಒಳಗೇ ಬೆಳೆದು ಹದಿನಾಲ್ಕು ಹದಿನೈದು ವರ್ಷ ಬಾಳುತ್ತಿದೆ. ಬೆಕ್ಕಿನ ಹತ್ತು ವರ್ಷ ಮನುಷ್ಯನ ಐವತ್ತಾರಕ್ಕೆ, ಹದಿನೈದು ವರ್ಷ ಎಪ್ಪತ್ತಾರಕ್ಕೆ ಸಮವೆಂದು ಪಶುವೈದ್ಯರು ಅಂದಾಜು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಎಪ್ಪತ್ತಾರರ ಬೆಕ್ಕು ಹೊಸ ಪ್ರಾಣಿ. ಅದರ ಕಾಯಿಲೆಗಳೂ ಹೊಸವು.

ಕನ್ನಡಕ್ಕೆ ಪಶುವೈದ್ಯ ಹೊಸದಲ್ಲ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದು ಒಂಬತ್ತು ಶತಮಾನಗಳಾದರೂ ಆಗಿವೆ, ಔಷಧವೂ ಮಂತ್ರವೂ ಬೆರೆತ ಆ ಗ್ರಂಥ ನಮ್ಮ ಭಾಷೆಯ ಮೊದಲ ಪಶುವೈದ್ಯ ಗ್ರಂಥವೆಂದು ಎಣಿಸಲ್ಪಟ್ಟಿದೆ. ಹಾಲು ಕೊಡುವ ಗೋವಿಗೆ ರಾಜಕುಮಾರನೇ ಲೇಖನಿ ಹಿಡಿದ. ಹಾಲು ಕದಿಯುವ ಪ್ರಾಣಿಗೆ ಗಾದೆಗಳು ಮಾತ್ರ ದೊರೆತವು. ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಇದರ ಫಲ ಇಂದಿಗೂ ಕಾಣುತ್ತದೆ. ಎತ್ತು ಮೇವು ಬಿಟ್ಟರೆ ಊರಿನ ಹತ್ತು ಜನ ಹತ್ತು ಕಾರಣ ಹೇಳಬಲ್ಲರು. ಬೆಕ್ಕು ಅನ್ನ ಬಿಟ್ಟರೆ ಹೇಳುವವರಿಲ್ಲ.

ಮೊದಲು ವಾಂತಿಯನ್ನೇ ನೋಡಬೇಕು. ಅಸಹ್ಯವೆನಿಸಬಹುದು, ಆದರೆ ಒರಸಿ ಹಾಕುವ ಮೊದಲು ಒಂದು ನಿಮಿಷ ನೋಡಿದವರಿಗೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುತ್ತದೆ. ಬತ್ತಿಯಂತೆ ಹೊಸೆದ ಕೂದಲಿನ ಉಂಡೆಯಾದರೆ ಅದು ನೆಕ್ಕಿ ನುಂಗಿದ ತನ್ನದೇ ರೋಮ. ಎಂದೋ ಒಮ್ಮೆ ಬಂದರೆ ಭಯವಿಲ್ಲ. ತಿಂದ ಕೂಡಲೇ, ಹೊಟ್ಟೆ ಹಿಂಡದೆ, ಅಗಿಯದ ಆಹಾರವೇ ಕೊಳವೆಯ ಆಕಾರದಲ್ಲಿ ಹೊರಬಿದ್ದರೆ ಅದು ವಾಂತಿಯಲ್ಲ, ಗಂಟಲಿನಿಂದಲೇ ಮರಳಿದ್ದು. ಆತುರದಿಂದ ತಿಂದುದರ ಫಲವಾಗಿರಬಹುದು, ಅನ್ನನಾಳದ ತೊಂದರೆಯೂ ಇರಬಹುದು. ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಬರುವ ಬಿಳಿ ನೊರೆ ಅಥವಾ ಹಳದಿ ಪಿತ್ತ ಬೇರೆ. ಕಾಫಿಯ ಗಸಿಯಂಥ ಕಂದು ಬಣ್ಣ ಕಂಡರೆ ಅದು ಜೀರ್ಣವಾದ ರಕ್ತ. ಆಗ ಮರುದಿನಕ್ಕೆ ಕಾಯುವಂತಿಲ್ಲ. ಬಾಯಿಯಿಂದ ದಾರ ಇಳಿಬಿದ್ದಿದ್ದರೂ ಹಾಗೆಯೇ. ನಮ್ಮ ಮನೆಗಳಲ್ಲಿ ಮಲ್ಲಿಗೆ ಕಟ್ಟಿದ ದಾರಕ್ಕೆ ಕೊರತೆಯಿಲ್ಲ, ಬಾಡಿದ ಮಾಲೆಯ ದಾರವೆಂದರೆ ಬೆಕ್ಕಿಗೆ ಆಟದ ವಸ್ತು. ಅದು ನಾಲಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗಿಳಿದಿರುತ್ತದೆ. ಎಳೆಯಬಾರದು, ಎಳೆದರೆ ಕರುಳು ಕೊಯ್ಯುತ್ತದೆ. ಹಾಗೇ ಬಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚಾದ ವಾಂತಿ, ಅದು ಎಷ್ಟೇ ವರ್ಷದಿಂದ ರೂಢಿಯಾಗಿದ್ದರೂ, ಪರೀಕ್ಷೆಗೆ ಯೋಗ್ಯ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ವಾಂತಿಯ ದಿನಕ್ಕೊಂದು ಗುರುತು ಹಾಕಿದರೆ ಸಾಕು, ನಮ್ಮ ಜ್ಞಾಪಕಶಕ್ತಿ ಎಷ್ಟು ಉದಾರವಾಗಿ ಮರೆಯುತ್ತದೆಂಬುದು ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಜೊತೆಗೆ ತೂಕ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಮತ್ತೆ ಬರಿಗೈಯಲ್ಲಿ ನಿಂತು ಕಳೆದರಾಯಿತು. ನಾಲ್ಕು ಕಿಲೋ ಇದ್ದ ಬೆಕ್ಕು ಮೂರೂವರೆಯ ಹತ್ತಿರ ಬಂದಿದ್ದರೆ ಕಳೆದುಕೊಂಡದ್ದು ಅರ್ಧ ಕಿಲೋ ಅಲ್ಲ, ದೇಹದ ಎಂಟನೆಯ ಒಂದು ಭಾಗ. ಅರವತ್ತು ಕಿಲೋ ತೂಗುವ ಮನುಷ್ಯ ಏಳೂವರೆ ಕಿಲೋ ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೆ? ಸೊಂಪಾದ ತುಪ್ಪಳ ಈ ಇಳಿತವನ್ನು ಮುಚ್ಚಿಡುತ್ತದೆ. ಬೆನ್ನಿನ ಮೇಲೆ ಕೈಯಾಡಿಸಿದಾಗ ಬೆನ್ನುಮೂಳೆ ಮಣಿಸರದಂತೆ ಬೆರಳಿಗೆ ಸಿಕ್ಕಿದರೆ ತಕ್ಕಡಿಯೂ ಬೇಕಿಲ್ಲ.

ಹಾಲನ್ನದ ಬೆಕ್ಕು

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳಲೇಬೇಕು. ನಮ್ಮ ಭಾಗದ ಬಹುಪಾಲು ಬೆಕ್ಕುಗಳು ಶಾಕಾಹಾರಿಗಳ ಮನೆಯವು. ಹಾಲನ್ನ, ಮೊಸರನ್ನ, ಹಬ್ಬದ ದಿನ ತುಪ್ಪ ಹಚ್ಚಿದ ಹೋಳಿಗೆಯ ಚೂರು ಇದೇ ಅದರ ಊಟ. “ನಮ್ಮಜ್ಜಿಯ ಕಾಲದಿಂದ ಬೆಕ್ಕಿಗೆ ಹಾಲನ್ನವನ್ನೇ ಹಾಕುತ್ತಿದ್ದೇವೆ, ಗುಂಡುಕಲ್ಲಿನಂತೆ ಇದ್ದವು” ಎಂದು ಹಿರಿಯರು ಹೇಳಿದರೆ ಅದು ಸುಳ್ಳಲ್ಲ. ಆದರೆ ಆ ಬೆಕ್ಕು ಬದುಕಿದ್ದು ಹಾಲನ್ನದಿಂದಲ್ಲ; ರಾತ್ರಿ ಅಟ್ಟದಲ್ಲಿ ಹಿಡಿದ ಇಲಿಯಿಂದ, ಗೋಡೆಯ ಹಲ್ಲಿಯಿಂದ, ಹಿತ್ತಿಲಿನ ಹಕ್ಕಿಯಿಂದ. ನಾವು ಕೊಟ್ಟದ್ದು ಉಪಾಹಾರ, ಊಟ ಅದರ ಸ್ವಂತದ್ದಾಗಿತ್ತು. ಅದೇ ಬೆಕ್ಕನ್ನು ಜಾಲರಿಯೊಳಗಿಟ್ಟು ಉಪಾಹಾರವೊಂದನ್ನೇ ಮುಂದುವರಿಸಿದರೆ ಅದು ಹನ್ನೆರಡು ವರ್ಷದ ಏಕಾದಶಿಯಾಗುತ್ತದೆ.

ಬೆಕ್ಕು ಕಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವನ್ನು ಅದರ ದೇಹ ಅಗತ್ಯವಿದ್ದಷ್ಟು ತಾನೇ ತಯಾರಿಸಲಾರದು. ಮಾಂಸ ಮೀನುಗಳಿಂದಲೇ ಪಡೆಯಬೇಕು. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ನಾಶವಾಗುವುದೆಂದು 1975ರಲ್ಲಿಯೂ, ಹೃದಯವು ಹಿಗ್ಗಿ ಸೋಲುವುದೆಂದು 1987ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರಿಂದಲೂ ಜಗತ್ತಿಗೆ ತಿಳಿಯಿತು. ಇನ್ನು ಹಾಲು: ಮರಿತನ ಕಳೆದ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಕುಡಿಯುವ ಆಸೆ ಉಳಿದಿರುತ್ತದೆ, ಅರಗಿಸುವ ಶಕ್ತಿ ಉಳಿದಿರುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ಕೆಲವೊಮ್ಮೆ ವಾಂತಿ. ಮುದಿ ಬೆಕ್ಕು ವಾಂತಿ ಮಾಡಿದಾಗ ‘ಪಾಪ, ಬಳಲಿದೆ’ ಎಂದು ಇನ್ನೊಂದು ಬಟ್ಟಲು ಹಾಲು ಇಡುವುದು ನಮ್ಮ ತಾಯಂದಿರ ಸಹಜ ಕರುಣೆ. ಎರಡು ವಾರ ಹಾಲನ್ನು ಪೂರ್ತಿ ನಿಲ್ಲಿಸಿ ನೋಡುವುದು ಖರ್ಚಿಲ್ಲದ ಮೊದಲ ಪರೀಕ್ಷೆ.

ಹಾಗಾದರೆ ಮಡಿ ಮೈಲಿಗೆಯ ಮನೆಯಲ್ಲಿ ಮಾಡುವುದೇನು? ಮೀನು ಬೇಯಿಸುವ ಪಾತ್ರೆಯನ್ನು ಅಡಿಗೆಮನೆಗೆ ತರಲು ಯಾರನ್ನೂ ಒತ್ತಾಯಿಸುವ ಇಚ್ಛೆ ನನಗಿಲ್ಲ. ಡಬ್ಬಿಯಲ್ಲಿ, ಪೊಟ್ಟಣದಲ್ಲಿ ಸಿದ್ಧವಾಗಿ ಬರುವ ಬೆಕ್ಕಿನ ಆಹಾರ ಈಗ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಅದನ್ನು ಹಿಂದಿನ ಜಗುಲಿಯಲ್ಲಿ ಬೇರೆ ತಟ್ಟೆಯಲ್ಲಿ ಇಟ್ಟು, ಬೇರೆಯಾಗಿ ತೊಳೆಯುವ ಏರ್ಪಾಡು ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ನಡೆದಿದೆ. ಸೂಳೆಕೆರೆಯ ಮೀನಿನ ವಾಸನೆಯನ್ನು ಒಲ್ಲದ ಅಜ್ಜಿಯೇ ಪೊಟ್ಟಣವನ್ನು ಕತ್ತರಿಸಿ ಸುರಿಯುವುದನ್ನು ಕಂಡಿದ್ದೇನೆ. ಧರ್ಮಸಂಕಟವನ್ನು ಕಾರ್ಖಾನೆಯವರು ಇಷ್ಟು ಚಿಕ್ಕ ಪೊಟ್ಟಣದಲ್ಲಿ ತುಂಬಿ ಕೊಡಬಹುದೆಂದು ಯಾರು ಊಹಿಸಿದ್ದರು! ಆಹಾರ ಬದಲಿಸುವಾಗ ಮಾತ್ರ ಒಮ್ಮೆಗೇ ಬೇಡ. ಏಳೆಂಟು ದಿನಗಳಲ್ಲಿ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಬೇಕು. ಒಂದೇ ದೊಡ್ಡ ಊಟದ ಬದಲು ನಾಲ್ಕೈದು ಸಣ್ಣ ತುತ್ತುಗಳು ಮುದಿ ಹೊಟ್ಟೆಗೆ ಹಿತ.

ಮೂತ್ರಪಿಂಡದ ಮಾತು

ಹಾಲು ಬಿಡಿಸಿ, ಆಹಾರ ತಿದ್ದಿ, ಜಂತುವಿಗೆ ಔಷಧ ಕೊಡಿಸಿದ ಮೇಲೂ ವಾಂತಿ ನಿಲ್ಲದಿದ್ದರೆ ಕಾರಣ ಹೊಟ್ಟೆಯಲ್ಲಿಯೇ ಇರಬೇಕೆಂದಿಲ್ಲ. ಮುದಿ ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾದ ದೀರ್ಘ ವ್ಯಾಧಿ ಮೂತ್ರಪಿಂಡದ್ದು. ಬೆಕ್ಕಿನ ಪೂರ್ವಿಕರು ಒಣನಾಡಿನ ಕಾಡುಬೆಕ್ಕುಗಳು. ಕಡಿಮೆ ನೀರು ಕುಡಿದು, ಮೂತ್ರವನ್ನು ಗಟ್ಟಿಯಾಗಿಸಿ, ಹನಿಹನಿಯನ್ನೂ ಉಳಿಸಿಕೊಳ್ಳುವುದು ಅವುಗಳ ವಂಶದ ವಿದ್ಯೆ. ಮೂತ್ರಪಿಂಡದ ಮೂರರಲ್ಲಿ ಎರಡು ಪಾಲು ಕೆಟ್ಟ ಮೇಲಷ್ಟೇ ಆ ವಿದ್ಯೆ ಕೈಕೊಡುತ್ತದೆ, ಆಗ ಮೂತ್ರ ನೀರಾಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಮುಕ್ಕಾಲು ಪಾಲು ಹೋದಾಗ ರಕ್ತದಲ್ಲಿ ಕಲ್ಮಷ ಏರುತ್ತದೆ. ಆ ಕಲ್ಮಷವೇ ಹೊಟ್ಟೆಯನ್ನು ತೊಳಸುತ್ತದೆ. ಹಾಗಾಗಿ ವಾಂತಿ ಈ ರೋಗದ ಮೊದಲ ಲಕ್ಷಣವಲ್ಲ, ತಡವಾಗಿ ಬರುವ ಲಕ್ಷಣ. ಎಂದೂ ನೀರಿನ ಬಟ್ಟಲನ್ನು ಕಣ್ಣೆತ್ತಿ ನೋಡದ ಬೆಕ್ಕು ಬಚ್ಚಲಿನ ಬಕೆಟ್ಟಿನ ಅಂಚಿಗೆ ಕುಳಿತು ಲೊಚಲೊಚನೆ ಕುಡಿಯತೊಡಗಿದ ದಿನವೇ ಎಚ್ಚೆತ್ತುಕೊಂಡರೆ ತಿಂಗಳುಗಳಲ್ಲ, ವರ್ಷಗಳು ಉಳಿಯಬಹುದು.

ನಮ್ಮ ಮನೆಯ ಹದಿಮೂರು ವರ್ಷದ ಗೌರಿಗೆ ಇರುವುದು ಇದೇ ವ್ಯಾಧಿ. ತಾಯಿಯವರು ತಟ್ಟೆಯ ಮುಂದೆ ಕುಳಿತು, “ಯಾಕವ್ವಾ, ಉಣ್ಣಂಗಿಲ್ಲೇನು? ಹೊಟ್ಟೆ ತೊಳಸ್ತದಾ?” ಎಂದು ಕೇಳುವುದೂ, ಅದು ತುಟಿ ನೆಕ್ಕುತ್ತ ಜೊಲ್ಲು ಸುರಿಸುತ್ತ ಮುಖ ತಿರುಗಿಸುವುದೂ ನಡೆದಿತ್ತು. ಪ್ರಶ್ನೆ ಸರಿಯಾಗಿಯೇ ಇತ್ತು. ತುಟಿ ನೆಕ್ಕುವುದು, ಜೊಲ್ಲು, ಹತ್ತಿರ ಬಂದು ಮೂಸಿ ಹಿಂದಿರುಗುವುದು, ಇವು ಹಸಿವಿಲ್ಲದ್ದರ ಲಕ್ಷಣವಲ್ಲ, ಓಕರಿಕೆಯ ಲಕ್ಷಣ. ಹಸಿವಿದ್ದೂ ತಿನ್ನಲಾಗದ ಸ್ಥಿತಿ. ಓಕರಿಕೆ ನಿಲ್ಲಿಸುವ ಔಷಧವನ್ನು ವೈದ್ಯರು ಕೊಟ್ಟ ಮೇಲೆ ಅದೇ ತಟ್ಟೆ ಖಾಲಿಯಾಯಿತು.

ಈ ವ್ಯಾಧಿ ವಾಸಿಯಾಗುವುದಲ್ಲ, ನಿಭಾಯಿಸುವುದು. ರಂಜಕ ಕಡಿಮೆಯಿರುವ ವಿಶೇಷ ಆಹಾರ, ನೀರಿನಂಶ ಹೆಚ್ಚಿರುವ ಮೆತ್ತನೆಯ ಊಟ, ಮನೆಯ ಎರಡು ಮೂರು ಕಡೆ ಅಗಲ ಬಾಯಿಯ ನೀರಿನ ಬಟ್ಟಲು. ಅಗತ್ಯವಿದ್ದರೆ ಚರ್ಮದಡಿಗೆ ಸಲೈನು. ಕೊನೆಯದನ್ನು ಕೇಳಿದ ಕೂಡಲೇ ಎಲ್ಲರೂ ಬೆಚ್ಚುತ್ತಾರೆ. ಆದರೆ ಸೂಜಿ ರಕ್ತನಾಳಕ್ಕೆ ಹೋಗುವುದಿಲ್ಲ. ಹೆಗಲಿನ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ ಅದರಡಿ ಇಳಿಸುವುದಷ್ಟೇ. ವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಒಮ್ಮೆಗೆ ನೂರು ಮಿಲಿಲೀಟರಿನಷ್ಟು ದ್ರವ ಇಳಿದಾಗ ಒಂಟೆಯ ಡುಬ್ಬದಂತೆ ಉಬ್ಬುತ್ತದೆ, ಕೆಲವು ಗಂಟೆಗಳಲ್ಲಿ ಕರಗುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈಬೆಚ್ಚಗೆ ಮಾಡಿಕೊಂಡರೆ ಬೆಕ್ಕು ಅಷ್ಟಾಗಿ ಪ್ರತಿಭಟಿಸದು. ವೈದ್ಯರ ಎದುರು ಎರಡು ಮೂರು ಬಾರಿ ಕಲಿತವರು ಮನೆಯಲ್ಲೇ ಮಾಡಬಲ್ಲರು. ನಮ್ಮಲ್ಲಿ ವಾರಕ್ಕೆ ಎರಡು ದಿನ, ಒಬ್ಬರು ಹಿಡಿಯುತ್ತೇವೆ, ಒಬ್ಬರು ಚುಚ್ಚುತ್ತೇವೆ, ಬಾಟಲಿ ತೂಗಲು ದೇವರ ಮನೆಯ ಬಾಗಿಲಿನ ತೋರಣದ ಮೊಳೆ ಇದೆ.

ಉಳಿದ ಕಾರಣಗಳು ಸಂಕ್ಷೇಪವಾಗಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗವನ್ನು ಬೆಕ್ಕುಗಳಲ್ಲಿ ಮೊದಲು ವಿವರಿಸಿದ್ದು 1979ರಲ್ಲಿ, ಅಮೆರಿಕದಲ್ಲಿ. ಅಂಥ ಬೆಕ್ಕು ಹೊಟ್ಟೆಬಾಕನಂತೆ ತಿನ್ನುತ್ತದೆ, ಆದರೂ ಬಡಕಲಾಗುತ್ತದೆ, ನಡುರಾತ್ರಿ ಕೂಗುತ್ತದೆ, ವಾಂತಿ ಮಾಡುತ್ತದೆ. ‘ಮುದಿಯಾದರೂ ಹಸಿವು ಎಷ್ಟು ಚೆನ್ನಾಗಿದೆ’ ಎಂದು ಮನೆಯವರು ಹಿಗ್ಗುತ್ತಿರುತ್ತಾರೆ. ಕರುಳಿನ ದೀರ್ಘ ಉರಿಯೂತ ಮತ್ತೊಂದು. ಅದಕ್ಕೂ ಕರುಳಿನ ಒಂದು ಬಗೆಯ ನಿಧಾನ ಕ್ಯಾನ್ಸರಿಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣದು, ಅಂಗಾಂಶದ ಚೂರು ತೆಗೆದು ನೋಡಿದರೆ ಮಾತ್ರ ಬೇರ್ಪಡಿಸಬಹುದು. ಮೇದೋಜೀರಕ ಗ್ರಂಥಿಯ ಊತ, ಯಕೃತ್ತಿನ ತೊಂದರೆ, ಸಿಹಿಮೂತ್ರ ಇವೂ ಇವೆ. ಇವನ್ನು ಮನೆಯಲ್ಲಿ ಕುಳಿತು ಊಹಿಸುವುದರಿಂದ ಪ್ರಯೋಜನವಿಲ್ಲ.

ಮನೆಯ ಮದ್ದಿನ ಬಗ್ಗೆ ಮಾತ್ರ ಕಟುವಾಗಿಯೇ ಹೇಳಬೇಕಾಗಿದೆ. ಮೈ ಬಿಸಿಯಿದೆಯೆಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ನಮಗೆ ಸೌಮ್ಯವಾದ ಆ ಗುಳಿಗೆಯನ್ನು ನಿರ್ವಿಷಗೊಳಿಸುವ ಕಿಣ್ವಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. 500 ಮಿಲಿಗ್ರಾಮಿನ ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ವಸಡು ಕಂದುಗಟ್ಟಿ, ಮುಖ ಪಾದಗಳು ಊದಿ, ಉಸಿರಾಟ ಕೆಡುತ್ತದೆ. ಅಷ್ಟಕ್ಕೂ ಬೆಕ್ಕಿನ ಮೈ ಆರೋಗ್ಯದಲ್ಲಿಯೇ 101-102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಕೈಗೆ ಅದು ಯಾವಾಗಲೂ ಜ್ವರವೇ! ಈರುಳ್ಳಿ ಬೆಳ್ಳುಳ್ಳಿಯ ಒಗ್ಗರಣೆಯ ಅನ್ನವೂ ಬೇಡ. ಅವು ಬೆಕ್ಕಿನ ಕೆಂಪುರಕ್ತಕಣಗಳನ್ನು ಒಡೆಯುತ್ತವೆ. ವಾಂತಿಯ ಜಾಗವನ್ನು ಫಿನಾಯಿಲಿನಿಂದ ಸಾರಿಸುವುದು ಇನ್ನೊಂದು ಅಪಾಯ: ಅದರ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ವಾಂತಿಗೆ ಹೊಸ ಕಾರಣ ಸಿದ್ಧ. ಸಾಬೂನಿನ ನೀರು ಸಾಕು. ಮೆಕ್ಕೆಜೋಳ, ಅಡಿಕೆ ಕೂಡಿಟ್ಟ ಮನೆಗಳಲ್ಲಿ ಇಲಿಪಾಷಾಣದ ಮಾತನ್ನೂ ಮರೆಯುವಂತಿಲ್ಲ. ಕಪ್ಪು ಪುಡಿಯ ರೂಪದ ಜಿಂಕ್ ಫಾಸ್ಫೈಡ್ ಗಂಟೆಗಳಲ್ಲಿ ಕಾಡುತ್ತದೆ. ಬಿಲ್ಲೆಯ ರೂಪದ ಬ್ರೊಮಾಡಿಯೊಲೋನ್ ಎರಡು ಮೂರು ದಿನ ಸುಮ್ಮನಿದ್ದು ಆಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಎರಡನೆಯದಕ್ಕೆ ‘ಕೆ’ ಜೀವಸತ್ವ ಒಳ್ಳೆಯ ಮದ್ದು. ಆದ್ದರಿಂದ ಪೊಟ್ಟಣದ ಕಾಗದವನ್ನು ವೈದ್ಯರಿಗೆ ತೋರಿಸಬೇಕು.

‘ಹೊಟ್ಟೆಗೆ ವಿಶ್ರಾಂತಿ’ ಎಂದು ಉಪವಾಸ ಕೆಡವುವುದೂ ಬೆಕ್ಕಿಗೆ ಸಲ್ಲದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ಕೊಬ್ಬಿದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಒಂದು ಮಾರಕ ರೋಗವಾಗುತ್ತದೆ. ಒಂದು ದಿನ ಪೂರ್ತಿ ತಟ್ಟೆ ಮುಟ್ಟದಿದ್ದರೆ ವೈದ್ಯರನ್ನು ಕಾಣುವ ಸಮಯ ಬಂದಿದೆ.

ಯಾವ ವೈದ್ಯರನ್ನು? ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ. ಅಲ್ಲಿನ ವೈದ್ಯರ ದಿನ ಕಳೆಯುವುದು ಎಮ್ಮೆ, ಹಸು, ಜಗಳೂರಿನ ಕಡೆಯಾದರೆ ಕುರಿಗಳ ಜೊತೆ; ಕಾಲುಬಾಯಿ ಜ್ವರದ ಲಸಿಕೆಯ ಕಾಲದಲ್ಲಂತೂ ಅವರು ಹಳ್ಳಿಹಳ್ಳಿ ಸುತ್ತುತ್ತಿರುತ್ತಾರೆ. ಮುಂಚಿತವಾಗಿ ವಿಚಾರಿಸಿ ಹೋಗುವುದು ಮೇಲು. ಸಲೈನು, ವಾಂತಿ ತಡೆಯುವ ಚುಚ್ಚುಮದ್ದು, ಮೊದಲ ಪರೀಕ್ಷೆ ಅಲ್ಲಿ ಆಗುತ್ತದೆ. ರಕ್ತಪರೀಕ್ಷೆ, ಮೂತ್ರದ ಸಾಂದ್ರತೆ, ಹೊಟ್ಟೆಯ ಸ್ಕ್ಯಾನಿಂಗ್ ಬೇಕೆಂದಾಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ; ಜಗಳೂರಿನವರಿಗೆ ದಾವಣಗೆರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗವನ್ನು ಬಿಟ್ಟವು. ಬೆಕ್ಕಿನ ಬುಟ್ಟಿ ಹಿಡಿದವರು ಮಾತ್ರ ಈಗಲೂ ಹಳೆಯ ಜಿಲ್ಲೆಯ ಬಸ್ಸನ್ನೇ ಹತ್ತುತ್ತಾರೆ. ರಕ್ತವನ್ನು ಮನುಷ್ಯರ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾದರೆ ವರದಿಯಲ್ಲಿ ಅಚ್ಚಾಗಿರುವ ‘ಸಾಮಾನ್ಯ’ ಅಂಕಿಗಳನ್ನು ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ, ಅವು ಮನುಷ್ಯರವು. ಪ್ರಯಾಣಕ್ಕೆ ಮುಚ್ಚಳವಿರುವ ಗಟ್ಟಿ ಬುಟ್ಟಿ, ಅದರೊಳಗೆ ಬೆಕ್ಕು ಮಲಗುವ ಹಳೆಯ ಸೀರೆಯ ತುಂಡು, ಮೇಲೊಂದು ಹೊದಿಕೆ. ಕತ್ತಲೆಯಲ್ಲಿ ಬೆಕ್ಕು ಶಾಂತವಾಗಿರುತ್ತದೆ. ಬುಟ್ಟಿಯನ್ನು ಪ್ರಯಾಣದ ದಿನವೇ ಅಟ್ಟದಿಂದ ಇಳಿಸಿದರೆ ಮಂಚದಡಿಯಿಂದ ಬೆಕ್ಕನ್ನು ಹೊರಗೆಳೆಯುವುದೇ ಅರ್ಧ ದಿನದ ಕೆಲಸ; ವಾರ ಮೊದಲೇ ಬಾಯಿ ತೆರೆದು ಮೂಲೆಯಲ್ಲಿಟ್ಟಿದ್ದರೆ ಅದೇ ಹೋಗಿ ಮಲಗಿರುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. “ಒಂದು ಬೆಕ್ಕಿಗೆ ಇಷ್ಟೆ?” ಎಂದು ನೆಂಟರು ಕೇಳುತ್ತಾರೆ, ಸಂಬಳದ ಮೇಲೆ ನಡೆಯುವ ಮನೆಗೆ ಅದು ಅಸಂಬದ್ಧ ಪ್ರಶ್ನೆಯೂ ಅಲ್ಲ. ನನ್ನ ಅಭಿಪ್ರಾಯದಲ್ಲಿ ವೈದ್ಯರಿಗೆ ಮೊದಲ ದಿನವೇ, ‘ನಮ್ಮಿಂದ ಇಷ್ಟು ಸಾಧ್ಯ’ ಎಂದು ಸಂಕೋಚವಿಲ್ಲದೆ ಹೇಳುವುದು ಉತ್ತಮ. ಯಾವ ಪರೀಕ್ಷೆಯ ಫಲದಿಂದ ಚಿಕಿತ್ಸೆ ಬದಲಾಗುತ್ತದೆ, ಯಾವುದರಿಂದ ಬದಲಾಗುವುದಿಲ್ಲವೆಂದು ಕೇಳಿ ಆಯ್ದುಕೊಳ್ಳಬಹುದು. ಒಂದು ರಕ್ತಪರೀಕ್ಷೆ, ಒಂದು ಮೂತ್ರಪರೀಕ್ಷೆ ಬಹುಪಾಲು ದಾರಿಯನ್ನು ತೋರಿಸುತ್ತವೆ.

ಕೊನೆಯದಾಗಿ, ಎಲ್ಲರೂ ಯೋಚಿಸುವ, ಯಾರೂ ಬಾಯಿಬಿಟ್ಟು ಆಡದ ವಿಷಯ. ಬೆಕ್ಕನ್ನು ಕೊಂದ ಪಾಪಕ್ಕೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಈ ನಂಬಿಕೆ ಎಷ್ಟು ಬೆಕ್ಕುಗಳನ್ನು ದೊಣ್ಣೆಯ ಏಟಿನಿಂದ ಕಾಪಾಡಿದೆಯೋ ಲೆಕ್ಕವಿಲ್ಲ. ಆದರೆ ಔಷಧಗಳೆಲ್ಲ ಮುಗಿದು, ವಾಂತಿ ನಿಲ್ಲದೆ, ನೀರೂ ಇಳಿಯದ ಬೆಕ್ಕಿಗೆ ವೈದ್ಯರು ದಯಾಮರಣವನ್ನು ಸೂಚಿಸಿದಾಗ ಇದೇ ನಂಬಿಕೆ ಅಡ್ಡ ನಿಲ್ಲುತ್ತದೆ. ನಮ್ಮ ತಾಯಿಯವರು, “ಅದರ ಋಣ ಇದ್ದಷ್ಟು ದಿನ ಇರ್ತದೆ, ನಾವ್ಯಾರು?” ಎನ್ನುತ್ತಾರೆ. ಕೋಲಿನಿಂದ ಕೊಲ್ಲುವುದನ್ನು ತಡೆಯಲು ಹುಟ್ಟಿದ ಮಾತನ್ನು ನಿದ್ದೆಯ ಮದ್ದಿಗೆ ಅನ್ವಯಿಸಬಾರದೆಂಬುದು ನನ್ನ ವಾದ. ಒಪ್ಪಂದಕ್ಕೆ ಬಂದಿಲ್ಲ, ಗೌರಿ ಇನ್ನೂ ತಿನ್ನುತ್ತಿರುವುದರಿಂದ ಬರಬೇಕಾದ ಅವಸರವೂ ಇಲ್ಲ. ಆದರೆ ಒಂದಕ್ಕೆ ಇಬ್ಬರೂ ಒಪ್ಪಿದ್ದೇವೆ: ಕ್ಯಾಲೆಂಡರಿನಲ್ಲಿ ವಾಂತಿಯ ಗುರುತಿನ ಜೊತೆಗೆ ಒಳ್ಳೆಯ ದಿನದ ಗುರುತನ್ನೂ ಹಾಕುವುದು. ತಾನಾಗಿ ತಿಂದ ದಿನ, ಮೈ ನೆಕ್ಕಿಕೊಂಡ ದಿನ, ಬಿಸಿಲಿಗೆ ಬಂದು ಮಲಗಿದ ದಿನ, ಮಣ್ಣಿನ ತಟ್ಟೆಯವರೆಗೆ ತಾನೇ ನಡೆದು ಹೋದ ದಿನ. ಕೆಟ್ಟ ದಿನಗಳು ಒಳ್ಳೆಯವನ್ನು ಮೀರಿ, ತಿಂಗಳ ಪುಟದಲ್ಲಿ ಹಾಗೆಯೇ ಉಳಿದರೆ ಮತ್ತೆ ಕುಳಿತು ಮಾತಾಡುವುದೆಂದು ತೀರ್ಮಾನ.

ಆ ನಿರ್ಧಾರಕ್ಕೆ ಬಂದ ಮನೆಯವರಿಗೆ ತಿಳಿದಿರಲಿ: ಮೊದಲು ಮಂಪರಿನ ಚುಚ್ಚುಮದ್ದು, ಬೆಕ್ಕು ಗಾಢ ನಿದ್ದೆಗೆ ಜಾರಿದ ಮೇಲೆ ಅರಿವಳಿಕೆಯ ಅಧಿಕ ಪ್ರಮಾಣ, ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿಡುವುದು ಒಳಿತು. ವೈದ್ಯರು ಮನೆಗೇ ಬರಬಲ್ಲರೆ ಎಂದು ಕೇಳಿ ನೋಡಬಹುದು. ಹಿತ್ತಿಲಿನಲ್ಲಿ ಹೂಳುವುದಾದರೆ ಗುಂಡಿ ಮೂರು ಅಡಿಯಾದರೂ ಇರಬೇಕು, ಬಾವಿಯಿಂದ ದೂರವಿರಬೇಕು. ಮೇಲೆ ಚಪ್ಪಡಿಯೊಂದನ್ನು ಇಟ್ಟರೆ ನಾಯಿಗಳು ಕೆದಕುವುದಿಲ್ಲ.